ದಾರುಮನ ಇನ್ನೊಂದು ಕಣ್ಣು

ಜೂನ್ ೩, ಬೆಳಿಗ್ಗೆ

ರಬ್ಬರ್ ಚೆಂಡು ಹಿಚುಕಿದ್ದಾಯಿತು. ಚೆಂಡು ಸೋಲಲಿಲ್ಲ, ನಾನೇ ಸೋತೆ. ಘಟಪ್ರಭಾ ದವಾಖಾನೆಯ ಡಾಕ್ಟರು ದಿನಾ ಬಲಗೈಲೇ ನಾಲ್ಕು ಸಾಲು ಬರಿ ಅಂದಿದ್ದಾರೆ. ಏನು ಬರೆಯಬೇಕೆಂದು ಹೇಳಿಲ್ಲ. ಲಕ್ವಾ ಹೊಡೆದ ಕೈ, ಏಳನೇ ಇಯತ್ತೆಯ ಅಕ್ಷರ — ಯಾರು ಓದಬೇಕು ಇದನ್ನು.

ಇಡೀ ಗೋಕಾಕದಲ್ಲಿ ನನ್ನಂಥ ಗೊಂಬೆ ಬರೆಯುವವನಿಲ್ಲ. ಫಾಲ್ಸಿನ ಮಂಗವೊಂದು ನಾನು ಬಣ್ಣ ಹಾಕಿದ ಕಟ್ಟಿಗೆಯ ಬಾಳೆಹಣ್ಣು ಕಸಿದು, ಕಚ್ಚಿ, ಹಲ್ಲು ಮುರಿದುಕೊಂಡಿತ್ತು. ಈಗ ಕುಂಚಗಳು ಡಬ್ಬಿಯಲ್ಲಿ ಒಣಗಿವೆ. “ಒಂದ ಗೊಂಬಿಗೆ ಬಣ್ಣ ಹಚ್ಚಿ ನೋಡ್ರಿ,” ಅಂದಳು ಹೆಂಡತಿ ಇಂದ್ರವ್ವ. ಕೂಗಾಡಿದೆ. ಇನ್ನು ಮುಟ್ಟುವುದಿಲ್ಲ ಅಂದೆ. ಮುಟ್ಟುವುದಿಲ್ಲ.

ಜೂನ್ ೯

ಮಾಯಾ ಬಂದಿದ್ದಳು. ಅಣ್ಣನ ಮಗಳು, ನರ್ಸು. ಜಪಾನಿನಲ್ಲಿ ಮುದುಕರನ್ನು ನೋಡಿಕೊಂಡಿದ್ದು, ಈಗ ಹುಕ್ಕೇರಿಗೆ ವಾಪಸ್. ನನಗೊಂದು ಗೊಂಬೆ ತಂದಳು. ಕೆಂಪಗೆ, ಗುಂಡಗೆ, ತೆಂಗಿನಕಾಯಿಯಷ್ಟು. ಹೆಸರು ದಾರುಮಾ. ನಮ್ಮ ಕಡೆಯಿಂದಲೇ ಹೋದ ಬೌದ್ಧ ಗುರು ಅನ್ನುತ್ತಾರಂತೆ. ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ಕುಳಿತು ಕೈಕಾಲು ಹೋದವಂತೆ. ಕೇಳಿದೊಡನೆ ಸಂಬಂಧಿಕ ಅನ್ನಿಸಿತು.

“ಈ ಹುಬ್ಬು ನೋಡು ಕಾಕಾ, ಕೊಕ್ಕರಿ ಹಂಗ ಬರದಾರ.”

“ನಾ ಬರದ ಹುಬ್ಬಾಗಿದ್ರ ಇಷ್ಟೊತ್ತಿಗೆ ಹಾರಿ ಹೋಗಿರ್ತಿತ್ತು.”

ಕಣ್ಣು ಮಾತ್ರ ಇಲ್ಲ. ಬಿಳಿ ಸುತ್ತು ಎರಡು, ಖಾಲಿ. ಯಾಕೆಂದು ಕೇಳುವಷ್ಟರಲ್ಲಿ ಅವಳೂ ಇಂದ್ರವ್ವನೂ ಅಡಿಗೆ ಮನೆಯಲ್ಲಿ ಗುಸುಗುಸು. ನಾನು ಯಾರಿಗೆ ಬೇಕು.

ಜೂನ್ ೧೦

ಗೊಂಬೆಗೆ ಒಂದು ಕಣ್ಣು ಬಂದಿದೆ. ಬುದ್ಧ, ಬಾಬಾಸಾಹೇಬರ ಫೋಟೊ ಪಕ್ಕದಲ್ಲಿ ಕುಳಿತು ಒಕ್ಕಣ್ಣಲ್ಲಿ ನೋಡುತ್ತಿದೆ.

“ಯಾರ ಬರದಾರ ಇದನ್ನ?”

“ಮಾಯಾ,” ಅಂದಳು ಇಂದ್ರವ್ವ. ಮುಖ ನೋಡದೆ.

ನೊಣ ಕುಳಿತಂತಿದೆ. ಜಪಾನಿಗೆ ಹೋಗಿ ಬಂದರೇನು.

ಜೂನ್ ೨೧

ಹತ್ತು ದಿನ ಬರೆಯಲಿಲ್ಲ. ಬೇಸರ. ಚೆಂಡು, ಎಣ್ಣೆ, ಗುಳಿಗೆ, ನಿದ್ದೆ. ಮತ್ತೆ ಚೆಂಡು.

ಚೆಂಡು ಹಿಚುಕುವಾಗ ಆ ದಾರುಮಾ ಎದುರಿಗೇ. ಬಲಗೈಯಿಂದ ನೂಕಿದೆ — ಬಿತ್ತು, ತಾನೇ ಎದ್ದು ನಿಂತಿತು. ತಳದಲ್ಲಿ ಭಾರ ಇಟ್ಟಿದ್ದಾರೆ. ಮತ್ತೆ ನೂಕಿದೆ. ಮತ್ತೆ ಎದ್ದಿತು. ಒಕ್ಕಣ್ಣು ಬೇರೆ. ನಮ್ಮ ಉಸ್ತಾದರ ಕೈಕೆಳಗೆ ಕಣ್ಣು ಅರ್ಧ ಬಿಟ್ಟ ಗೊಂಬೆ ಹಲಗೆ ಏರುತ್ತಿರಲಿಲ್ಲ. ಏರಿಸಿದವನ ಕಿವಿ ಉಳಿಯುತ್ತಿರಲಿಲ್ಲ. ಇದನ್ನು ನೋಡಿದಾಗೆಲ್ಲ ಕಿವಿ ಬಿಸಿಯಾಗುತ್ತದೆ.

ಜೂನ್ ೨೬, ಮಧ್ಯಾಹ್ನ

ಇಂದ್ರವ್ವ ಮಸಗುಪ್ಪಿಗೆ, ತಂಗಿಯ ಮನೆಗೆ.

ಬರೆದೆ.

ಕುಂಚ ನೆನೆಹಾಕಿ, ಮೊಣಕೈ ಹಿಟ್ಟಿನ ಡಬ್ಬಿಯ ಮೇಲಿಟ್ಟು, ಎಡಗೈಯಿಂದ ಬಲ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು. ಕೆಳಗೆ ಚೂರು ಸೊಟ್ಟ. ಅಂಗಿ ಪೂರ್ತಿ ಬೆವರು. ಆದರೂ ಕಣ್ಣು! ಪಕ್ಕದ ನೊಣ ನಾಚಬೇಕು.

ಕೊಚ್ಚಿಕೊಳ್ಳಲು ಮಾಯಾಗೆ ಫೋನ್ ಹಚ್ಚಿದೆ.

“ಕಾಕಾ! ಏನ ಮಾಡಿದ್ಯೋ! ಒಂದ ಕಣ್ಣ ಬರದು ಮನಸಿನ್ಯಾಗ ಬೇಡ್ಕೋಬೇಕು. ಬೇಡಿದ್ದು ಆದ ಮ್ಯಾಲಷ್ಟ ಇನ್ನೊಂದು!”

“ನೀ ಬೇಡಿದ್ದ ಹಾಳಾತಂದ್ರ ಇನ್ನೊಂದ ಗೊಂಬಿ ತರಸು ಮತ್ತ.”

“ನಂದಲ್ಲ. ಆ ಕಣ್ಣ ಬರದಾಕಿ ಕಾಕು.”

“ಏನ ಬೇಡ್ಯಾಳ?”

“ನನಗೂ ಹೇಳಿಲ್ಲ.”

ಮದುವೆಯಾದಾಗಿನಿಂದ ಇಂದ್ರವ್ವ ಯಾರ ಹತ್ತಿರವೂ ಏನೂ ಬೇಡಿದ್ದು ನೋಡಿಲ್ಲ. ನನ್ನ ಹತ್ತಿರವಂತೂ ಇಲ್ಲವೇ ಇಲ್ಲ. ಇದೊಮ್ಮೆ ಬೇಡಿದಳು. ನಾನು ಇನ್ನೊಂದು ಕಣ್ಣು ಬರೆದು ಮುಗಿಸಿಬಿಟ್ಟೆ.

ಅದೇ ದಿನ, ಸಂಜೆ

ಥಿನ್ನರ್ ಬಟ್ಟೆ ಹಿಡಿದು ಕುಳಿತೆ. ಒರೆಸಿದರೆ ಕೆಳಗಿನ ಬಿಳಿಯೂ ಹೋಗುತ್ತದೆ, ಒಳಗೆ ಬರೀ ಕಾಗದ. ಬಿಟ್ಟೆ. ಏನು ಬೇಡಿದ್ದಳು? ಮೊಣಕಾಲು ನೋವು ಹೋಗಲಿ ಅಂತಲೇ? ತಂಗಿಯ ಮಗಳ ಲಗ್ನವೇ? ಗೊಂಬೆಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಅದಕ್ಕೇನು, ರೂಢಿ ಇದೆ. ನನಗೇ ಸಾಕಾಗಿದೆ.

ಜೂನ್ ೨೭

ಬಂದಳು. ಚೀಲ ಇಳಿಸುವ ಮೊದಲೇ ಗೊಂಬೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು.

“ಯಾರ ಬರದಾರ?”

“ಇಲಿ ಇರಬೇಕು.”

“ಇಲಿ ಕುಂಚ ತೊಳದ ಇಟ್ಟೈತೇನ್ರಿ?”

ಕುಂಚದ ಡಬ್ಬಿಯನ್ನು ಎಡಗೈಯಿಂದ ಹಿಂದೆ ಸರಿಸಿದೆ.

“ಕೈ ನಡಗಲಿಲ್ಲ?”

“ನಡಗಿತು. ನೋಡು, ಕೆಳಗ ಸೊಟ್ಟ ಆಗೇತಿ. ಏನ ಬೇಡಿದ್ದಿ ಹೇಳಿಬಿಡು. ಖರೆ ಅಂದ್ರ ನನಗ ಗೊತ್ತಿರಲಿಲ್ಲ. ಹಾಳ ಮಾಡಿಬಿಟ್ಟೆ.”

“ಹಾಳ ಎಲ್ಲಿ ಮಾಡೀರಿ.” ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿದಳು. “ಇವರು ಮತ್ತ ಕುಂಚ ಹಿಡೀಲಿ ಅಂತ ಬೇಡಿದ್ನಿ.”

ಚಹಾಕ್ಕಿಡಲು ಒಳಗೆ ಹೋದಳು. ಏನಾದರೂ ಕೊಚ್ಚಿಕೊಳ್ಳಬೇಕೆಂದು ನೋಡಿದೆ. ಸಿಗಲಿಲ್ಲ.

ಜೂನ್ ೨೮, ಮಧ್ಯಾಹ್ನ

ಇವತ್ತು ಕೈ ಕಲ್ಲು. ಬೆಳಿಗ್ಗೆ ಚಹಾದ ಕಪ್ಪು ಎತ್ತಲೂ ಆಗಲಿಲ್ಲ. ಒಂದು ಕಣ್ಣು ಬರೆದದ್ದಕ್ಕೆ ಇಷ್ಟು.

ಇಂದ್ರವ್ವ ಟ್ರಂಕಿನಿಂದ ಹಳೆಯ ಕಟ್ಟಿಗೆ ಗೊಂಬೆ ತೆಗೆದು ಮುಂದಿಟ್ಟಳು. ಲಕ್ವಾ ಹೊಡೆದ ದಿನ ಕಣ್ಣು ಬರೆಯದೆ ಬಿಟ್ಟದ್ದು. “ಇವತ್ತ ಒಂದ ಸಾಕು,” ಅಂದಳು. ಹಿಟ್ಟಿನ ಡಬ್ಬಿ ತಂದಳು. ಮಣಿಕಟ್ಟು ಈ ಸಲ ಅವಳೇ ಹಿಡಿದಳು.

ನೊಣ ಕುಳಿತಂತಾಯಿತು. ಅವಳ ನೊಣಕ್ಕಿಂತ ಸಣ್ಣದು, ಅಷ್ಟೇ. ನಕ್ಕಳು. ಇನ್ನೊಂದು ಕಣ್ಣು ನಾಳೆ, ಕೈ ಎದ್ದರೆ. ಏಳದಿದ್ದರೆ ನಾಡಿದ್ದು. ಈಗ ಪೆನ್ನೂ ಜಾರು —