ಶಾಲೆಯ ಒಂದೇ ಕುರ್ಚಿ

ಅಜ್ಜಂಪುರ ಹೋಬಳಿ
೯-೨-೧೯೫೮

ಕಡೂರಿನ ಮಾವನವರಾದ ಷಣ್ಮುಖಪ್ಪನವರಿಗೆ ಅಳಿಯ ಬೆನಕಪ್ಪನ ಶರಣಾರ್ಥಿ.

ಕಂದಾಯ ವಸೂಲಿಗೆ ಬರುವ ಶೇಕ್ದಾರರಿಗಿರುವ ಸಂಬಳ ಮೇಷ್ಟ್ರಿಗೇಕಿಲ್ಲ ಎಂದು ಕೇಳಿದ್ದೀರಿ. ನಾನು ಬೇರೆ ನೌಕರಿ ಹಿಡಿಯುವವರೆಗೆ ತೀರ್ಥಮ್ಮನನ್ನು ಕಳಿಸುವುದಿಲ್ಲ ಎಂದೂ ಬರೆದಿದ್ದೀರಿ. ಶೇಕ್ದಾರರು ಒಂದು ದಿನ ಬರದಿದ್ದರೆ ಸರ್ಕಾರಕ್ಕೆ ಗೊತ್ತಾಗುತ್ತದೆ. ನಾನು ಬರದಿದ್ದರೆ ಮಕ್ಕಳಿಗಷ್ಟೇ ಗೊತ್ತಾಗುತ್ತದೆ, ಅವರಿಗೂ ಅದು ಖುಷಿಯೇ. ನನಗೆ ತಿಳಿದ ಉತ್ತರ ಇಷ್ಟೇ.

ನೀವು ಬಂದಿದ್ದ ದಿನ ಶಾಲೆಯ ಒಂದೇ ಕುರ್ಚಿಯನ್ನು ಶೇಕ್ದಾರರಿಗೆಂದು ಚಾವಡಿಗೆ ಒಯ್ದಿದ್ದರು. ನಾನು ಮಕ್ಕಳ ಜೊತೆ ನೆಲದ ಮೇಲೆ ಕೂತದ್ದನ್ನು ನೋಡಿದಿರಿ. ಮಾರನೆಯ ದಿನವೇ ಮಗಳನ್ನು ಬಸ್ಸು ಹತ್ತಿಸಿಕೊಂಡು ಹೋದಿರಿ.

ಮೊನ್ನೆ ತಳವಾರ ಮತ್ತೆ ಬಂದು, "ಕುರ್ಚಿ ಕೊಡ್ರಿ ಮೇಷ್ಟ್ರೇ, ಸಾಹೇಬ್ರು ನಿಂತವ್ರೆ" ಅಂದ. "ನಾನೂ ಕೆಲ್ಸದಲ್ಲಿದೀನಿ ಕಣಪ್ಪಾ" ಅಂದೆ. ಕುರ್ಚಿಯಿಂದ ಏಳಲಿಲ್ಲ, ಪಾಠ ಮುಂದುವರಿಸಿದೆ. ಅವನು ಬರಿಗೈಲಿ ಹೋದ.

ಸಂಜೆ ಇದನ್ನು ಹೇಳಬೇಕೆಂದು ಬಿರಬಿರನೆ ಮನೆಗೆ ನಡೆದೆ. ಬಾಗಿಲಿಗೆ ಬೀಗವಿತ್ತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ತಾವು ದಯಮಾಡಿ ಈ ಕುರ್ಚಿಯ ವಿಷಯವೊಂದನ್ನು ತೀರ್ಥಮ್ಮನಿಗೆ ಓದಿ ಹೇಳಬೇಕು.

ನಿಮ್ಮ ಅಳಿಯ,
ಬೆನಕಪ್ಪ