ಬೀಳದ ಚಾವಣಿ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 3.30

ಶಿಫ್ಟ್ ಮುಗೀತು. ಸ್ನಾನ ಆಯ್ತು. ಕಿವಿಯೊಳಗಿನ ಮಸಿ ಮಾತ್ರ ಹೋಗಲ್ಲ.

ಗಣಿಯೊಳಗೆ ಇವತ್ತೂ ಅದೇ. ಕಟರ್ ಕಲ್ಲಿದ್ದಲು ಕೊರೆದು ಮುಂದೆ ಹೋಗತ್ತೆ. ಹಿಂದೆಯೇ ನಾನು — ಚಾವಣಿ ಹೊತ್ತ ಸಪೋರ್ಟ್ ಇಳಿಸು, ಮುಂದಕ್ಕೆ ಎಳಿ, ಮತ್ತೆ ಚಾವಣಿಗೆ ಒತ್ತಿ ನಿಲ್ಲಿಸು. ನನ್ನ ಪಾಲಿಗೆ ನಲವತ್ತು, ನಲವತ್ತೊಂದರಿಂದ ಎಂಬತ್ತರ ತನಕ, ಒಂದೊಂದೂ ಕಬ್ಬಿಣದ ಆನೆ. ಬಿಟ್ಟು ಬಂದ ಜಾಗದ ಚಾವಣಿ ತಾನಾಗೇ ಕುಸೀಬೇಕು. ಹತ್ತು ದಿನ ಆಯ್ತು, ಕುಸಿದಿಲ್ಲ. ಆ ಭಾರವೆಲ್ಲ ಸಪೋರ್ಟ್ ಮೇಲೆ. ಒಮ್ಮೆಲೇ ಬಿದ್ರೆ ಗಾಳಿ ನುಗ್ಗಿ ಮನುಷ್ಯರನ್ನ ತರಗೆಲೆ ಮಾಡತ್ತೆ.

ಹೆಂಡ್ತಿ: “ಬಿದ್ರೂ ಭಯ, ಬೀಳ್ದಿದ್ರೂ ಭಯ. ಎಂಥ ಕೆಲಸ ರೀ ನಿಮ್ದು!”

ಮಾರ್ಚ್ 6

ಐವತ್ತೆಂಟನೇ ಸಪೋರ್ಟಿನ ಒತ್ತಡದ ಗೇಜು ಕೆಂಪು ಗೆರೆ ಮುಟ್ತು. ಷಡ್ಡಕನಿಗೆ ಹೇಳ್ದೆ — ನನ್ನ ಹೆಂಡ್ತಿಯ ತಂಗಿ ಗಂಡ, ನಮ್ಮ ಓವರ್‌ಮ್ಯಾನ್, ಶಿಫ್ಟಿನ ಮೇಲ್ವಿಚಾರಕ. “ಅಣ್ಣ, ದಿನಾ ಅದೇ ರಾಗ ನಿಂದು” ಅಂದ. ಕೇಳ್ಲಿಲ್ಲ. ನಾನೇ ಸ್ಟಾಪ್ ಒತ್ತಿ ಇಪ್ಪತ್ತೆರಡು ಜನರನ್ನ ಹೊರಗೆ ಕರ್ಕೊಂಡು ಬಂದೆ. ಆರು ಗಂಟೆ ಹೊತ್ತು ಕಾದ್ವಿ.

ಒಂದು ಹಿಡಿ ಮಣ್ಣೂ ಬೀಳ್ಲಿಲ್ಲ.

ಮಾರ್ಚ್ 7

ಮೆಮೊ ಬಂತು. ಷಡ್ಡಕನದೇ ಸಹಿ. ಇನ್ನು ಮೇಲೆ ನೆಲದ ಮೇಲೆ, ಲ್ಯಾಂಪ್ ರೂಮಲ್ಲಿ ಕೆಲಸ. ಹೊಸ ಹೆಸರೂ ಸಿಕ್ತು — ಬಿತ್ತಪ್ಪ.

ಮಾರ್ಚ್ 12. ಮಧ್ಯಾಹ್ನ

ಈ ವಾರ ಅವರದು ಎರಡನೇ ಶಿಫ್ಟ್. ಲ್ಯಾಂಪ್ ತಗೊಳ್ಳೋಕೆ ಷಡ್ಡಕ ಬಂದ. ಎಲ್ಲರೂ ಹೋಗೋ ತನಕ ನಿಂತ. ಮೆಲ್ಲಗೆ ಕೇಳ್ದ, “ಅಣ್ಣ, ಐವತ್ತೆಂಟು ಮತ್ತೆ ಏರ್ತಿದೆ. ಏನ್ ಮಾಡ್ಲಿ?”

ಸಾಕಾಗಿತ್ತು. ಮೈ, ಮನಸ್ಸು, ಎಲ್ಲ.

“ಓವರ್‌ಮ್ಯಾನ್ ನೀನು” ಅಂದೆ. ಲ್ಯಾಂಪ್ ಕೊಟ್ಟೆ. ಮುಖ ನೋಡ್ಲಿಲ್ಲ.

ಮಾರ್ಚ್ 14. ಬೆಳಿಗ್ಗೆ 11. ಆಸ್ಪತ್ರೆ

ಮೊನ್ನೆ ಸಂಜೆ ಐದಕ್ಕೆ ಚಾವಣಿ ಬಿತ್ತು. ಮೇಲೆ ಲ್ಯಾಂಪ್ ರೂಮಿನ ಗಾಜು ಅದುರ್ತು. ಎಲ್ಲರನ್ನೂ ಷಡ್ಡಕನೇ ಹೊರಗೆ ದಬ್ಬಿದ್ನಂತೆ. ಕೊನೆಯವನು ಅವನು. ಗಾಳಿ ಎತ್ತಿ ಬಡೀತು. ಬೆನ್ನುಮೂಳೆ. ಜೀವ ಇದೆ. ಕಾಲು ಬರತ್ತೋ ಇಲ್ವೋ... ಡಾಕ್ಟರ್ ಬಾಯಿ ಬಿಡ್ತಿಲ್ಲ.

ನಾದಿನಿ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತ್ಳು. ಅತ್ತೂ ಅತ್ತೂ ಕಣ್ಣು ಒಣಗಿದೆ.

“ಭಾವ, ಅವತ್ತು ಮನೆಯಿಂದ ಹೊರಡೋವಾಗ ‘ಅಣ್ಣನ್ನ ಒಂದ್ ಮಾತು ಕೇಳ್ತೀನಿ, ಅವನು ಬೇಡ ಅಂದ್ರೆ ಇಳಿಯಲ್ಲ’ ಅಂದಿದ್ರು. ಕೇಳಿದ್ರಾ?”

“ಕೇಳ್ದ.”

“ನೀವೇನಂದ್ರಿ?”

“‘ಓವರ್‌ಮ್ಯಾನ್ ನೀನು’ ಅಂದೆ. ಲ್ಯಾಂಪ್ ಕೊಟ್ಟೆ.”