ಬೆವರು ಆರಬೇಕು

ವಿಜಯಪುರ, ಏಳನೆಯ ನೆಲಕೇರಿ
ಏಪ್ರಿಲ್ 36, 2219

ನಮಗಿಂತ ಮುಂಚೆ ಬಾಳುತ್ತಿರುವವರಿಗೆ,

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕಡೆ ಬೇಸಗೆಯಲ್ಲಿ ಹನ್ನೊಂದು ದಿನ ಯಾರೂ ನೆಲದ ಮೇಲೆ ಓಡಾಡುವಂತಿಲ್ಲ. ಆ ದಿನಗಳನ್ನು ಡಿಸೆಂಬರಿನಿಂದ ಕಿತ್ತು ತಂದು ಏಪ್ರಿಲ್ಲಿಗೆ ಜೋಡಿಸಿದ್ದಾರೆ. ಹಾಗಾಗಿ ನಮ್ಮ ಡಿಸೆಂಬರ್ ಇಪ್ಪತ್ತಕ್ಕೇ ಮುಗಿಯುತ್ತದೆ. ಈ ಕಾಗದ ನಿಮ್ಮ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ನಾನು ವಿವರಿಸಲಾರೆ, ನಾನು ಓದಿದ್ದು ಜೀವಶಾಸ್ತ್ರ. ನನ್ನ ಕೆಲವು ಮಾತುಗಳು ನಿಮಗೆ ಹೊಸದಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೇ.

ನನ್ನ ಹೆಸರು ಕಸ್ತೂರಿ ಮಡಿವಾಳರ. ವಯಸ್ಸು ಇಪ್ಪತ್ತೇಳು. ನಾನಿರುವುದು ನೆಲಕೇರಿಯಲ್ಲಿ. ಹಳೆಯ ಊರಿನ ಅಡಿಯಲ್ಲಿ ಕಲ್ಲು ಕೊರೆದು ಮಾಡಿದ ಓಣಿಗಳಿಗೆ ನಾವು ಹಾಗೆನ್ನುತ್ತೇವೆ. ಬೆಳಗಿನ ತಂಪಿನಲ್ಲಿ ನಾಲ್ಕು ತಾಸು, ಬಿಸಿಲಿಳಿದ ಮೇಲೆ ಮೂರು ತಾಸು ಮೇಲಿನ ಕೆಲಸ. ನಡುಮಧ್ಯಾಹ್ನ ಊರೆಲ್ಲ ಕೆಳಗಿಳಿದು ಮಲಗುತ್ತದೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅದು ಬದಲಾಗಿಲ್ಲ, ನಿಮಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದೇನೆ. ಮೂರು ವರ್ಷ ನಾನು ಮೈಗಾವಲು ಮಂಡಳಿಯ ಪ್ರಯೋಗಾಲಯದಲ್ಲಿ ಕಿರಿಯ ಸಂಶೋಧಕಿಯಾಗಿದ್ದೆ. ಮೈಗಾವಲು ಅಂದರೆ ಮುಂಗೈಗೆ ಅಂಟಿಸಿಕೊಳ್ಳುವ ಹುಣಸೆ ಬೀಜದಷ್ಟು ದೊಡ್ಡ ಬಿಲ್ಲೆ. ಚರ್ಮದ ಬಿಸಿ, ನಾಡಿ, ಬೆವರು ಮೂರನ್ನೂ ಅಳೆದು ಒಂದು ಬಣ್ಣ ತೋರಿಸುತ್ತದೆ. ಹಸಿರಾದರೆ ಕೆಲಸ ಮಾಡಬಹುದು, ಹಳದಿಯಾದರೆ ನೀರು ಕುಡಿಯಬೇಕು, ಕೆಂಪಾದರೆ ಕೆಲಸ ಬಿಟ್ಟು ನೆರಳಿಗೆ ಹೋಗಬೇಕು. ಅಳೆದ ಅಂಕಿಗಳು ನೇರ ಮಂಡಳಿಗೆ ಹೋಗುತ್ತವೆ, ಮೈಯ ಒಡೆಯರಿಗೆ ಕಾಣುವುದಿಲ್ಲ. ಅದರ ಮುತ್ತಜ್ಜಿ ನಿಮ್ಮ ಮಣಿಕಟ್ಟಿನ ಮೇಲೆ ಈಗಾಗಲೇ ಕೂತಿದೆ ಎಂದು ಕೇಳಿದ್ದೇನೆ. ಅದಕ್ಕೇ ನಿಮಗೆ ಬರೆಯುತ್ತಿರುವುದು.

ಸಂಶೋಧಕಿಯ ಬದುಕು ಎಂದರೆ ದೊಡ್ಡದೇನೋ ಎಂದುಕೊಂಡಿದ್ದರೆ ಹೇಳುತ್ತೇನೆ. ನಾನು ಬೆವರು ಹಿಡಿಯುತ್ತಿದ್ದೆ. ಬಂದವರ ಬೆನ್ನಿಗೆ ಅರಳೆ ಅಂಟಿಸಿ, ತೆಗೆದು, ತೂಗಿ, ಅದರಲ್ಲಿ ಉಪ್ಪೆಷ್ಟು, ಯಾವ ಸೂಕ್ಷ್ಮಜೀವಿಗಳಿವೆ ಎಂದು ನೋಡುವುದು. ದಿನದ ಅರ್ಧ ಗಾಜು ತೊಳೆಯುವುದರಲ್ಲಿ ಹೋಗುತ್ತಿತ್ತು. ಮಡಿವಾಳರ ಮಗಳು ಮತ್ತೆ ತೊಳೆಯೋಕೇ ಬಂದಳು ಎಂದು ನಮ್ಮವ್ವ ನಗುತ್ತಿದ್ದಳು. ನಾಲ್ಕು ಪ್ರಯೋಗಗಳಲ್ಲಿ ಮೂರು ಕೆಡುತ್ತಿದ್ದವು. ಒಮ್ಮೆ ಎರಡು ತಿಂಗಳ ಕೆಲಸಕ್ಕೆ ಬೂಷ್ಟು ಹಿಡಿದಾಗ ಮೆಟ್ಟಿಲ ಮೇಲೆ ಕೂತು ಅತ್ತೆ, ಆಮೇಲೆ ಆ ಬೂಷ್ಟನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚೆನ್ನಾಗಿತ್ತು.

ಭಾನುವಾರಕ್ಕೊಮ್ಮೆ ನಾನು ಜನರಿಗೆ ಮೈಯ ವಿಷಯ ಹೇಳುವ ರೂಢಿ ಶುರುವಾದದ್ದು ನೀರುಕಟ್ಟೆಯಲ್ಲಿ. ಪಾಳಿಯಲ್ಲಿ ನಿಂತಿದ್ದ ಒಬ್ಬ ಹೆಂಗಸು ತನ್ನ ಕೈ ತಿರುಗಿಸಿ ನೋಡಿಕೊಳ್ಳುತ್ತ, ನೀರಿನಲ್ಲಿ ಬಹಳ ಹೊತ್ತು ಇದ್ದರೆ ಬೆರಳುಗಳೇಕೆ ಸುಕ್ಕಾಗುತ್ತವೆ ಎಂದಳು. ಅದು ನೀರು ಹೀರಿ ಆಗುವುದಲ್ಲ, ನರಗಳು ಹೇಳಿದಂತೆ ಬೆರಳಿನ ರಕ್ತನಾಳಗಳು ಬಿಗಿದುಕೊಂಡು ಚರ್ಮವನ್ನು ಒಳಕ್ಕೆಳೆಯುತ್ತವೆ, ನರ ಕಡಿದ ಬೆರಳು ಸುಕ್ಕಾಗುವುದಿಲ್ಲ ಎಂದೆ. ಪಾಳಿಯ ಹಿಂದಿನಿಂದ ಇನ್ನೊಬ್ಬರು ಕೊಡ ಕೆಳಗಿಟ್ಟು ಮುಂದೆ ಬಂದರು.

"ಇದನ ನೋಡು ತಂಗಿ," ಎಂದು ಎಡಗೈಯ ತೋರುಬೆರಳು ಚಾಚಿದರು. "ದ್ರಾಕ್ಷಿ ಕೊಯ್ಯಾಗ ಕುಡಗೋಲು ಬಡಿದಿತ್ತು. ಅವತ್ತಿಂದ ಇದೊಂದು ಬೆರಳು ಸುಕ್ಕಾಗಂಗಿಲ್ಲ. ಹನ್ನೆರಡು ವರ್ಷ ಆತು, ಯಾಕಂತ ಯಾರೂ ಹೇಳಿರ್ಲಿಲ್ಲ."

ಅವರು ಶೇವಂತಿಬಾಯಿ ರಾಠೋಡ, ಒಣದ್ರಾಕ್ಷಿ ಶೆಡ್ಡಿನಲ್ಲಿ ಹೆಂಗಸರ ತಂಡದ ಮುಂದಾಳು. ಮುಂದಿನ ಭಾನುವಾರ ಐದು ಜನರನ್ನು ಕರೆದುಕೊಂಡು ಬಂದರು. ತಿಂಗಳಾಗುವುದರಲ್ಲಿ ಕಟ್ಟೆ ತುಂಬಿತು. ಬಿಕ್ಕಳಿಕೆ ಯಾಕೆ, ಕಾಲಿಗೆ ಜೋಮು ಯಾಕೆ, ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೆ ಯಾಕೆ. ಗೊತ್ತಿದ್ದದ್ದು ಹೇಳುತ್ತಿದ್ದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತಿದ್ದೆ. ಒಂದು ಭಾನುವಾರ ನಾಡಿ ಎಣಿಸುವುದನ್ನು ಕಲಿಸಿದೆ. ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು, ಅರ್ಧ ನಿಮಿಷ ಎಣಿಸಿ, ಇಮ್ಮಡಿ ಮಾಡಿ. ನಲವತ್ತು ಜನ ಮಾತಿಲ್ಲದೆ ತಮ್ಮ ತಮ್ಮ ಕೈ ಹಿಡಿದು ನಿಂತಿದ್ದರು. ತಮ್ಮ ಮೈಯ ಅಂಕಿಯನ್ನು ತಾವೇ ಕಂಡದ್ದು ಅವರಲ್ಲಿ ಬಹಳ ಜನರಿಗೆ ಅದೇ ಮೊದಲು.

ಎರಡು ವಾರದ ನಂತರ ಶೇವಂತಿಬಾಯಿ ಬಂದು, "ಶೆಡ್ಡಿನ್ಯಾಗ ಎಣಿಸಿದ್ವಿ. ನೂರಾ ನಲವತ್ತೆಂಟು ಬಂತು. ಬಿಲ್ಲಿ ನೋಡಿದ್ರ ಹಸಿರು," ಎಂದರು.

ನಾನು ನಂಬಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಮಂಡಳಿಯ ಯಂತ್ರ ತಪ್ಪಿರಬಹುದು ಎಂಬುದಕ್ಕಿಂತ ಶೇವಂತಿಬಾಯಿ ತಪ್ಪೆಣಿಸಿರಬಹುದು ಎಂಬುದೇ ನನ್ನ ತಲೆಗೆ ಮೊದಲು ಬಂತು. ಇನ್ನೊಮ್ಮೆ ಎಣಿಸಿ ಎಂದೆ. ಅವರು ಬೇಸರಿಸಲಿಲ್ಲ. ಮುಂದಿನ ವಾರ ದ್ರಾಕ್ಷಿ ಪೆಟ್ಟಿಗೆಯ ರಟ್ಟಿನ ಮುಚ್ಚಳದ ಮೇಲೆ ಹನ್ನೊಂದು ಹೆಂಗಸರ ನಾಡಿಯನ್ನು ತಾಸುತಾಸಿಗೂ ಬರೆದು ತಂದಿದ್ದರು. ಅದರಲ್ಲಿ ನೂರಾ ಮೂವತ್ತಕ್ಕೆ ಇಳಿದವರು ಯಾರೂ ಇರಲಿಲ್ಲ.

ಮರುದಿನ ನಾನೇ ಶೆಡ್ಡಿಗೆ ಹೋದೆ. ದೂಳಿನ ಗಾಳಿಗೆ ಹೆದರಿ ಈಗ ದ್ರಾಕ್ಷಿಯನ್ನು ಮುಚ್ಚಿದ ಗಾಜಿನ ಶೆಡ್ಡುಗಳಲ್ಲಿ ಒಣಗಿಸುತ್ತಾರೆ. ಹಣ್ಣು ಬಿಟ್ಟ ತೇವವೆಲ್ಲ ಒಳಗಿನ ಗಾಳಿಯಲ್ಲೇ ತುಂಬಿಕೊಂಡಿರುತ್ತದೆ. ಕಾಲು ತಾಸಿಗೆ ನನ್ನ ಕುಪ್ಪಸ ಹಿಂಡುವಂತಾಯಿತು. ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು, ತಂಪು ಮಾತ್ರ ಇಲ್ಲ. ಬಿಲ್ಲೆ ಹಸಿರು ತೋರಿಸುತ್ತಿತ್ತು. ಅಷ್ಟು ಜನರ ಬೆನ್ನಿನ ಬೆವರು ಹಿಡಿದು ತೂಗಿದ ನನಗೆ ವಿಷಯ ಆಗ ತಿಳಿಯಿತು. ಬೆವರು ಹರಿದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ತಣ್ಣಗಾಗುತ್ತದೆ. ಆರುವಾಗ ಅದು ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮೈಗಾವಲಿನ ಅಳತೆಯನ್ನು ಹದ ಮಾಡಿದ್ದು ನಮ್ಮ ಊರಿನ ಒಣ ಬಿಸಿಲಿನಲ್ಲಿ, ಅಲ್ಲಿ ಬಂದ ಬೆವರೆಲ್ಲ ಆರುತ್ತದೆ. ಹಾಗಾಗಿ ಬೆವರು ಚೆನ್ನಾಗಿ ಬಂದರೆ ಎಲ್ಲ ಸರಿಯಿದೆ ಎಂದು ಅದು ಲೆಕ್ಕ ಹಾಕುತ್ತದೆ, ನಾಡಿ ಏರಿದ್ದನ್ನು ದುಡಿತಕ್ಕೆ ಏರಿದ್ದು ಎಂದು ಬಿಟ್ಟುಬಿಡುತ್ತದೆ. ತೇವ ತುಂಬಿದ ಶೆಡ್ಡಿನಲ್ಲಿ ಬೆವರು ಆರುವುದಕ್ಕೆ ಜಾಗವೇ ಇಲ್ಲ. ಒಳಗೆ ಮೈ ಬೇಯುತ್ತಿದ್ದರೂ ಮೇಲೆ ಹಸಿರು.

ನೇರವಾಗಿ ನನ್ನ ಹಿರಿಯರಾದ ಡಾ. ಅನಸೂಯಾ ಕುಲಕರ್ಣಿಯವರ ಹತ್ತಿರ ಹೋದೆ. ನನಗೆ ಕೆಲಸ ಕಲಿಸಿದವರು ಅವರು. ರಟ್ಟನ್ನು ಎರಡು ಸಲ ಓದಿದರು.

"ನಿನ್ನ ಮಾತು ಖರೆ ಇರಬಹುದು, ಕಸ್ತೂರಿ," ಎಂದರು. "ಸಮಿತಿ ಮುಂದ ಇಡತೀನಿ. ಆರು ತಿಂಗಳು ಹಿಡೀತದ. ಅಲ್ಲೀತನಕ ಶೆಡ್ಡಿನ್ಯಾಗ ಯಾರಿಗೂ ಹೇಳಬ್ಯಾಡ."

"ಹನ್ನೊಂದು ಜನ ಅದಾರ್ರೀ ಅಲ್ಲಿ."

"ಊರಾಗ ಎರಡು ಲಕ್ಷ ಜನ ಅದಾರ. ಬಿಲ್ಲಿ ಸುಳ್ಳು ಹೇಳತೈತಿ ಅಂತ ಒಮ್ಮೆ ಸುದ್ದಿ ಆದ್ರ ಎಲ್ಲಾರೂ ಕಿತ್ತು ಒಗೀತಾರ. ನಮ್ಮಜ್ಜನ ಕಾಲದಾಗ ಹಂಗ ಆಗಿತ್ತು. ಒಂದ ಬೇಸಗಿ, ನಾನೂರು ಹೆಣ."

ಅವರು ಹೆದರಿಸಲು ಹೇಳಿದ್ದಲ್ಲ. ಆ ನಾನೂರರಲ್ಲಿ ಅವರ ಅಜ್ಜಿಯೂ ಇದ್ದರು. ನಾನು ಒಂಬತ್ತು ದಿನ ಸುಮ್ಮನಿದ್ದೆ. ನಡುವೆ ಒಂದು ಭಾನುವಾರವೂ ಬಂತು. ಶೇವಂತಿಬಾಯಿ ನನ್ನ ಮುಖ ನೋಡುತ್ತ ಕೂತಿದ್ದರು, ನಾನು ಮೊಸರು ಹೆಪ್ಪಾಗುವುದು ಹೇಗೆ ಎಂದು ಹೇಳಿ ಮುಗಿಸಿದೆ.

ಹತ್ತನೆಯ ದಿನ ಬೆಳಿಗ್ಗೆ ಬಿಬಿಜಾನ ಎಂಬವರು ದ್ರಾಕ್ಷಿ ತಟ್ಟೆ ತಿರುವುತ್ತಿದ್ದಾಗ ಬಿದ್ದರು. ನಲವತ್ತು ವರ್ಷ, ರಟ್ಟಿನ ಮೇಲಿನ ನಾಲ್ಕನೆಯ ಹೆಸರು. ಬೀಳುವ ಮೊದಲು ತೊದಲುತ್ತಿದ್ದರಂತೆ, ತಮ್ಮ ಮಗಳೆಂದು ತಿಳಿದು ಇನ್ನಾರನ್ನೋ ಕರೆಯುತ್ತಿದ್ದರಂತೆ. ಬಿದ್ದಾಗ ಶೆಡ್ಡಿನ ಕೆಲಸದ ಮೇಲ್ವಿಚಾರಕನಾದ ಮುಕಾದಮ ಬಂದು ಬಿಲ್ಲೆ ನೋಡಿ, ಹಸಿರು ಐತಿ, ಏಳು ಅಂದನಂತೆ. ಆಸ್ಪತ್ರೆಯಲ್ಲಿ ಮೂತ್ರಪಿಂಡ ನಿಂತು, ನಾಲ್ಕನೆಯ ದಿನ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಅವರ ಮಗಳು ನನ್ನನ್ನು ಗುರುತಿಸಿ, ನಾಡಿ ಎಣಿಸೋದು ಕಲಿಸಿದವರು ನೀವೇ ಅಲ್ಲೇನ್ರೀ ಎಂದು ಕೇಳಿದಳು. ಹೌದು ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ನೀರುಕಟ್ಟೆಗೆ ಎರಡು ಬಾಟಲಿ ಬಿಸಿನೀರು ತೆಗೆದುಕೊಂಡು ಹೋದೆ. ಎರಡಕ್ಕೂ ಒದ್ದೆ ಬಟ್ಟೆ ಸುತ್ತಿ, ಒಂದನ್ನು ಗಾಳಿಗಿಟ್ಟೆ. ಇನ್ನೊಂದನ್ನು ನೀರಿನ ತಟ್ಟೆಯ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿದೆ. ಅರ್ಧ ತಾಸಿನ ನಂತರ ಜನರೇ ಬಂದು ಮುಟ್ಟಿ ನೋಡಿದರು. ಗಾಳಿಗಿಟ್ಟದ್ದು ತಣ್ಣಗಾಗಿತ್ತು. ಪೆಟ್ಟಿಗೆಯೊಳಗಿನದಕ್ಕೆ ಅಷ್ಟೇ ಒದ್ದೆ ಬಟ್ಟೆ ಸುತ್ತಿದ್ದರೂ ಕೈ ಸುಡುತ್ತಿತ್ತು. ಆಮೇಲೆ ರಟ್ಟನ್ನು ಎತ್ತಿ ಹಿಡಿದು ಹನ್ನೊಂದು ಹೆಸರನ್ನೂ ಓದಿದೆ. ಬಿಲ್ಲೆ ಕೀಳಬೇಡಿ, ಬಯಲಿನಲ್ಲಿ ಅದರ ಮಾತು ಸರಿ, ಶೆಡ್ಡಿನಲ್ಲಿ ಅದರ ಮಾತು ಕೇಳಬೇಡಿ, ನಾಡಿಯ ಮಾತು ಕೇಳಿ ಎಂದೆ. ನಾನು ಇದನ್ನು ಹದಿನೈದು ದಿನ ಮೊದಲೇ ತಿಳಿದಿದ್ದೆ ಎಂಬುದನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಬಿಬಿಜಾನರ ಮಗಳು ಎದ್ದು ಹೋದಳು.

ಸೋಮವಾರದಿಂದ ಶೆಡ್ಡಿನಲ್ಲಿ ಅರ್ಧ ತಾಸಿಗೊಮ್ಮೆ ಕೈಗಳು ನಿಂತವು. ನೂರಾ ಮೂವತ್ತು ದಾಟಿದವರು ತಟ್ಟೆ ಇಟ್ಟು ಹೊರಗೆ ಬಂದು ಗಾಳಿಗೆ ಕೂರುತ್ತಿದ್ದರು. ಮುಕಾದಮ ಬಿಲ್ಲೆ ತೋರಿಸಿ ಹಸಿರು ಐತಲ್ಲ ಎಂದಾಗ ಶೇವಂತಿಬಾಯಿ ಕೂತಲ್ಲಿಂದ ಏಳದೆ ಹೇಳಿದರಂತೆ: "ಹಸಿರು ನಿಮ್ಮದು. ನಾಡಿ ನಂದು. ಇಳಿದ ಮ್ಯಾಲ ಬರ್ತೀನಿ." ಎರಡು ದಿನ ಅವರನ್ನು ಹೊರಗಿಟ್ಟರು. ಉಳಿದ ಒಂಬತ್ತು ಜನರೂ ಅವರ ಜೊತೆ ಹೊರಗೇ ಕೂತರು. ಹಣ್ಣು ಕೊಳೆಯತೊಡಗಿದಾಗ ಒಳಗೆ ಕರೆದರು, ಎಣಿಸುವುದನ್ನು ಬಿಡಿಸಲಾಗಲಿಲ್ಲ.

ನನ್ನನ್ನು ವಿಚಾರಣೆಗೆ ಕರೆದರು. ಮೂವರು ಕೂತಿದ್ದರು, ಬದಿಯಲ್ಲಿ ಅನಸೂಯಾ ಮೇಡಂ. ಅರೆತಿಳಿವು ವಿಷಕ್ಕಿಂತ ಕೆಟ್ಟದ್ದು ಎಂದು ಅಧ್ಯಕ್ಷರು ಹೇಳಿದರು. ಹಾಗಿದ್ದರೆ ಪೂರ್ತಿ ತಿಳಿವು ಕೊಡಿ, ಅಂಕಿಗಳನ್ನು ಅವರವರಿಗೆ ತೋರಿಸಿ ಎಂದೆ. ಮುಂದೆ ಜನರ ನಡುವೆ ಮಾತಾಡುವುದಿಲ್ಲ ಎಂದು ಬರೆದ ಹಾಳೆಯನ್ನು ಮುಂದಿಟ್ಟರು.

"ಸಹಿ ಮಾಡವಾ," ಎಂದು ಅನಸೂಯಾ ಮೇಡಂ ಮೆಲ್ಲಗೆ ಅಂದರು. "ಒಳಗಿದ್ದು ಸರಿ ಮಾಡೋಣ."

"ಒಳಗಿದ್ದು ಒಂಬತ್ತು ದಿನ ನೋಡಿದೆನ್ರೀ," ಎಂದೆ. ಸಹಿ ಮಾಡಲಿಲ್ಲ.

ಆ ವಾರವೇ ಕೆಲಸ ಹೋಯಿತು. ನಾನು ಸಂಯಮವಿಲ್ಲದವಳೆಂದು ಮೇಡಂ ಬರೆದುಕೊಟ್ಟರು. ಈಗ ಓಣಿಯಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತೇವೆ. ಅವರ ಮೇಲಿನ ಗೌರವ ಮಾತ್ರ ಹೋಗುತ್ತಿಲ್ಲ, ಏನು ಮಾಡಲಿ. ಆರು ತಿಂಗಳಲ್ಲ, ಮೂರೇ ತಿಂಗಳಿಗೆ ಮಂಡಳಿ ಶೆಡ್ಡುಗಳಿಗೆ ಬೇರೆ ಅಳತೆಯ ಬಿಲ್ಲೆ ತಂದಿತು, ಗೋಡೆಗಳಿಗೆ ಗಾಳಿಕಿಂಡಿ ಕಡ್ಡಾಯ ಮಾಡಿತು. ದೋಷವನ್ನು ತನ್ನ ನಿತ್ಯದ ತಪಾಸಣೆಯಲ್ಲಿ ತಾನೇ ಕಂಡುಹಿಡಿದೆ ಎಂದು ಪ್ರಕಟಣೆ ಹೊರಡಿಸಿತು. ಆದ್ದರಿಂದ ಇಲ್ಲಿ ಬರೆದಿಡುತ್ತೇನೆ: ಅದನ್ನು ಕಂಡುಹಿಡಿದದ್ದು ಶೇವಂತಿಬಾಯಿ ರಾಠೋಡ ಮತ್ತು ಅವರ ಜೊತೆಯ ಹತ್ತು ಹೆಂಗಸರು, ಎರಡು ಬೆರಳಿನಿಂದ. ಅವರಲ್ಲಿ ಒಬ್ಬರು ಈಗ ಇಲ್ಲ.

ಬಿಲ್ಲೆಯ ಜೊತೆಗೆ ಇನ್ನೊಂದು ಕಾಯಿದೆಯೂ ಬಂತು. ಮೈಯ ವಿಷಯವನ್ನು ಅನುಮತಿ ಇಲ್ಲದೆ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಜನರಿಗೆ ಹೇಳುವಂತಿಲ್ಲ, ಹೇಳಿದರೆ ಆರು ತಿಂಗಳ ಸೆರೆ. ನಾನೀಗ ಇಡ್ಲಿ ಹಿಟ್ಟು, ಮೊಸರು ಮಾಡುವ ಒಂದು ಹುದುಗುಮನೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲೂ ಸೂಕ್ಷ್ಮಜೀವಿಗಳೇ, ಇಲ್ಲೂ ಗಾಜು ತೊಳೆಯುವುದೇ. ಭಾನುವಾರ ನನ್ನ ಕೋಣೆಗೆ ನಾಲ್ವರು ಬರುತ್ತಾರೆ. ಅವರು ಹೋಗಿ ನಾಲ್ನಾಲ್ಕು ಜನರಿಗೆ ಹೇಳುತ್ತಾರೆ. ಶೇವಂತಿಬಾಯಿಯ ಲೆಕ್ಕದ ಪ್ರಕಾರ ಮಂಗಳವಾರ ಸಂಜೆಯ ಹೊತ್ತಿಗೆ ಕಟ್ಟೆಯಲ್ಲಿ ಕೂರುತ್ತಿದ್ದವರಿಗಿಂತ ಹೆಚ್ಚು ಜನರಿಗೆ ಮುಟ್ಟುತ್ತದೆ.

ನಿಮ್ಮಿಂದ ನನಗೆ ಮರುಕ ಬೇಡ. ಒಂದು ಕೆಲಸ ಆಗಬೇಕು. ನಿಮ್ಮ ಮೈಯ ಬಗ್ಗೆ ಯಾರಾದರೂ ನಿಮಗೆ ಬಣ್ಣ ತೋರಿಸಿದರೆ ಅಂಕಿ ಕೇಳಿ. ಅಂಕಿ ಕೊಟ್ಟರೆ ಅದನ್ನು ಎಲ್ಲಿ, ಯಾರ ಮೈಮೇಲೆ ಅಳೆದು ಹದ ಮಾಡಿದ್ದು ಎಂದು ಕೇಳಿ. ನಿಮ್ಮಲ್ಲಿ ಯಾರಾದರೂ ಈ ವಿದ್ಯೆ ಓದುತ್ತಿದ್ದರೆ, ಓದಿದ್ದನ್ನು ಪಕ್ಕದ ಮನೆಯವರಿಗೆ ಅವರ ಮಾತಿನಲ್ಲಿ ಹೇಳಿ. ಅವರು ತಿರುಗಿ ಏನಾದರೂ ಹೇಳಿದರೆ, ನಾನು ಮಾಡಿದಂತೆ ಮಾಡದೆ, ಮೊದಲನೆಯ ಸಲಕ್ಕೇ ನಂಬಿ ಹೋಗಿ ನೋಡಿ.

ಇಲ್ಲಿಗೆ ನಿಲ್ಲಿಸಬೇಕು, ಬಾಗಿಲಿಗೆ ಜನ ಬಂದಿದ್ದಾರೆ. ಇವತ್ತಿನ ವಿಷಯ ಬಾಣಂತಿಯ ಹಾಲು. ಕೇಳಲು ಯಾವಾಗಲೂ ಬರುವ ನಾಲ್ವರ ಹಿಂದೆ ಐದನೆಯವರೊಬ್ಬರು ನಿಂತಿದ್ದಾರೆ. ಅವರನ್ನು ನಾನು ಹಿಂದೆಂದೂ ನೋಡಿಲ್ಲ, ಹೆಸರು ಗೊತ್ತಿಲ್ಲ. ಮಂಡಳಿಯೇ ಕಳಿಸಿರಬಹುದು. ಇರಲಿ, ಅವರಿಗೂ ಒಂದು ಮೈ ಇದೆ. ಒಳಗೆ ಕರೆಯುತ್ತೇನೆ.

ನಿಮ್ಮ,
ಕಸ್ತೂರಿ ಮಡಿವಾಳರ